ಹುಂಜಗಳ ಲೆಕ್ಕ

ಮೆನು ಕಾರ್ಡಿನಲ್ಲಿ ‘ರಾಗಿ ಮುದ್ದೆ, ನಾಟಿ ಕೋಳಿ ಸಾರು’ ಎಂದು ಅಚ್ಚಾಗಿತ್ತು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟ. ಮುದ್ದೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೋಳಿ ಮಾತ್ರ ಆರು ವಾರದ ಬ್ರಾಯ್ಲರ್. ಮೂಳೆ ಹಿಡಿದು ಎಳೆದರೆ ಮಾಂಸ ನೆನೆದ ಬ್ರೆಡ್ಡಿನ ಹಾಗೆ ಕಳಚಿ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು, ನನ್ನ ಹಾಗೇ ಇಪ್ಪತ್ತು ವರ್ಷದ ಹಿಂದೆ ಕೆನಡಾಕ್ಕೆ ಬಂದವರು, ನಿಟ್ಟುಸಿರು ಬಿಟ್ಟು, ‘ಊರಲ್ಲೇ ಈಗ ಒರಿಜಿನಲ್ ನಾಟಿ ಸಿಗಲ್ಲ ಬಿಡಿ, ಎಲ್ಲಾ ಹೋಯ್ತು’ ಎಂದರು. ನಾನು ಬಾಯಿ ತಡೆಯಲಾರದೆ ನನ್ನ ಮನೆಯ ಹಿಂದೆ ಶಾಂತೆಕ್ಲೇರ್ ಎಂಬ ಅಪರೂಪದ ತಳಿಯ ಕೋಳಿಗಳಿವೆ, ಈ ವರ್ಷ ಹದಿನಾರು ಹುಂಜದ ಮರಿ ಬಂದವು, ಅದರಲ್ಲಿ ಹನ್ನೆರಡು ಫ್ರೀಜರಿನಲ್ಲಿವೆ ಎಂದೆ. ಅವರ ಮುಖ ಸಣ್ಣಗಾಯಿತು. ‘ಅಪರೂಪದ ತಳಿ ಅಂತೀರಿ, ಮತ್ತೆ ಕಡಿದು ತಿಂತೀರಾ?’ ಎಂದು ಕೇಳಿ ಬ್ರಾಯ್ಲರ್ ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಂಡರು.

ಆವತ್ತು ಉತ್ತರ ಕೊಡಲಿಲ್ಲ. ಮೈಕಿನಲ್ಲಿ ಯಾರೋ ನಾಡಗೀತೆಗೆ ಎದ್ದು ನಿಲ್ಲಿ ಅಂದರು. ಈಗ ಕೊಡುತ್ತಿದ್ದೇನೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ಪಶುವೈದ್ಯನಲ್ಲ, ತಳಿವಿಜ್ಞಾನಿಯಲ್ಲ. ಹಾಸನದಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಸಿಎ ಮಾಡಿ, ಇಲ್ಲಿಗೆ ಬಂದು ಮತ್ತೊಮ್ಮೆ ಪರೀಕ್ಷೆ ಬರೆದು, ಒಂಟಾರಿಯೋದ ಸಣ್ಣಪುಟ್ಟ ಕಂಪನಿಗಳ ಲೆಕ್ಕ ನೋಡಿ ಹೊಟ್ಟೆ ಹೊರೆಯುವವನು. ಎಂಟು ವರ್ಷದ ಹಿಂದೆ ಗ್ವೆಲ್ಫ್ ಊರಿನಾಚೆ ಎರಡೂವರೆ ಎಕರೆಯ ಹಳೆಯ ಮನೆ ಕೊಂಡೆವು. ಹಿಂದಿನ ಮಾಲೀಕರು ಬಿಟ್ಟುಹೋದ ಒಂದು ಕೋಳಿಗೂಡು ಅಲ್ಲಿತ್ತು. ನಮ್ಮ ಪ್ರಾಂತ್ಯದಲ್ಲಿ ನೂರಕ್ಕಿಂತ ಕಡಿಮೆ ಮೊಟ್ಟೆಕೋಳಿ ಸಾಕುವವನಿಗೆ ಕೋಟಾದ ರಗಳೆ ಇಲ್ಲ. ಖಾಲಿ ಗೂಡು ನೋಡಿದಾಗಲೆಲ್ಲ ಅವ್ವನ ಮಂಕರಿ ನೆನಪಾಗುತ್ತಿತ್ತು. ಮಂಕರಿಗೆ ಭತ್ತದ ಹೊಟ್ಟು ಹಾಸಿ, ಹನ್ನೊಂದೋ ಹದಿಮೂರೋ ಮೊಟ್ಟೆ ಇಟ್ಟು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಚೂರು ಸಿಕ್ಕಿಸಿ ಅವ್ವ ಹೇಂಟೆಯನ್ನು ಕಾವಿಗೆ ಕೂರಿಸುತ್ತಿದ್ದಳು. ಇಪ್ಪತ್ತೊಂದನೆಯ ದಿನ ಬೆಳಗ್ಗೆ ಒಲೆ ಹಚ್ಚುವ ಮೊದಲೇ ಮಂಕರಿ ಹತ್ತಿರ ಕಿವಿ ಇಡುತ್ತಿದ್ದಳು.

ಶಾಂತೆಕ್ಲೇರ್ ಆರಿಸಿಕೊಂಡದ್ದು ದೇಶಪ್ರೇಮಕ್ಕಲ್ಲ, ಚಳಿಗೆ. ಮೊದಲ ವರ್ಷ ಪೇಟೆಯ ಮಿಶ್ರತಳಿ ಕೋಳಿ ತಂದಿದ್ದೆ. ಜನವರಿಯಲ್ಲಿ ಮೈನಸ್ ಇಪ್ಪತ್ತಾರಕ್ಕೆ ಇಳಿದ ಒಂದು ರಾತ್ರಿ ಹುಂಜದ ಜುಟ್ಟು ತುದಿಯಿಂದ ಕಪ್ಪಾಗಿ ಉದುರಿತು. ಶಾಂತೆಕ್ಲೇರಿಗೆ ಜುಟ್ಟು ಅನ್ನುವುದೇ ಇಲ್ಲವೆನ್ನಬೇಕು. ನೆತ್ತಿಯ ಮೇಲೆ ಒಂದು ಸಣ್ಣ ಕೆಂಪು ದಿಂಬು, ಗಂಟಲ ಕೆಳಗೆ ಹೆಸರಿಗಷ್ಟು ಜೋಲು. ಹಿಮಕ್ಕೆ ಕಚ್ಚಲು ಏನೂ ಸಿಗುವುದಿಲ್ಲ. ಕತ್ತಲ ಚಳಿಗಾಲದಲ್ಲೂ ವಾರಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ.

ಇದು ತಾನಾಗಿ ಹುಟ್ಟಿದ ಕೋಳಿಯಲ್ಲ. ಕ್ವಿಬೆಕ್‌ನ ಓಕಾ ಎಂಬಲ್ಲಿ ಟ್ರಾಪಿಸ್ಟ್ ಮಠವೊಂದಿತ್ತು. ಅಲ್ಲಿದ್ದ ಬ್ರದರ್ ವಿಲ್ಫ್ರಿಡ್ ಶಾಟ್ಲೇನ್ ಎಂಬ ಸನ್ಯಾಸಿಗೆ ಈ ದೇಶದ ಕೋಳಿಗಳೆಲ್ಲ ಬೇರೆ ಹವೆಗೆ ಹುಟ್ಟಿದವು, ಇಲ್ಲಿಯದೇ ಒಂದು ಬೇಕು ಅನ್ನಿಸಿತು. 1908ರ ಹೊತ್ತಿಗೆ ಆತ ಕೆಲಸ ಶುರುಮಾಡಿದ. ಡಾರ್ಕ್ ಕಾರ್ನಿಷ್ ಹುಂಜಕ್ಕೆ ಬಿಳಿ ಲೆಗ್‌ಹಾರ್ನ್ ಹೇಂಟೆ, ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಬಿಳಿ ವೈಯನ್‌ಡಾಟ್ ಹೇಂಟೆ, ಆ ಎರಡರ ಮಕ್ಕಳನ್ನು ಕೂಡಿಸಿ, ಆಮೇಲೆ ಬಿಳಿ ಪ್ಲಿಮತ್ ರಾಕ್ ಸೇರಿಸಿ, ವರ್ಷವರ್ಷವೂ ಆರಿಸುತ್ತ ಉಳಿದದ್ದನ್ನು ತೆಗೆಯುತ್ತ ಬಂದ. 1918ರಲ್ಲಿ ಹೊರಗಿನವರಿಗೆ ತೋರಿಸಿದ. 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ತನ್ನ ತಳಿಪಟ್ಟಿಗೆ ಸೇರಿಸಿಕೊಂಡಿತು. ಅಂದರೆ ನಾವು ಇವತ್ತು ‘ಪಾರಂಪರಿಕ’ ಎಂದು ಕೈಮುಗಿಯುವ ತಳಿ ಐದು ಜಾತಿಯ ಬೆರಕೆ. ಅದರಲ್ಲೊಂದಾದ ಕಾರ್ನಿಷ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಆದರೆ ಅದರ ರಕ್ತ ಇಂಡಿಯಾದ ಅಸೀಲ್ ಹುಂಜದ್ದು. ಕಾಲಿಗೆ ಕತ್ತಿ ಕಟ್ಟಿ ಕಾಳಗಕ್ಕೆ ಬಿಡುತ್ತಾರಲ್ಲ, ಅದೇ. ಇದನ್ನು ಓದಿ ತಿಳಿದ ದಿನ ನಾನು ಗೂಡಿಗೆ ಹೋಗಿ ನನ್ನ ಹುಂಜದ ದಪ್ಪ ತೊಡೆ ನೋಡಿ, ಹೀಗೋ ಸಮಾಚಾರ ಅಂದುಕೊಂಡೆ. ಇನ್ನೊಂದು ವಿಷಯವೂ ಅಷ್ಟೇ ನಿಜ. ಇಂದಿನ ಬ್ರಾಯ್ಲರ್ ಕೂಡ ಕಾರ್ನಿಷ್ ಮತ್ತು ಪ್ಲಿಮತ್ ರಾಕ್ ಸಂಕರದಿಂದಲೇ ಬಂದದ್ದು. ಒಂದೇ ಅಜ್ಜನ ಇಬ್ಬರು ಮೊಮ್ಮಕ್ಕಳು. ಒಬ್ಬ ಮಠದಲ್ಲಿ ಬೆಳೆದ, ಇನ್ನೊಬ್ಬ ಕಾರ್ಖಾನೆಯಲ್ಲಿ.

ಹಾಗಾಗಿ ‘ಶುದ್ಧ ತಳಿ’ ಎಂದು ಎದೆ ತಟ್ಟಿಕೊಳ್ಳುವವರ ಜೊತೆ ನಾನಿಲ್ಲ. ತಳಿ ಅನ್ನುವುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ. ಒಂದು ಊರಿನ ಹವೆಗೆ, ಒಂದು ಮನೆಯ ಊಟಕ್ಕೆ, ಪ್ರತಿ ವರ್ಷ ಯಾರೋ ಕೂತು ‘ಇದು ಇರಲಿ, ಇದು ಬೇಡ’ ಎಂದು ತೀರ್ಮಾನಿಸುತ್ತ ಬಂದ ಕೆಲಸ ಅದು. ಆ ತೀರ್ಮಾನ ನಿಂತ ವರ್ಷದಿಂದ ಉಳಿಯುವುದು ಬಿಳಿ ಗರಿ ಮಾತ್ರ.

‘ಬೇಡ’ ಅಂದದ್ದನ್ನು ಏನು ಮಾಡುವುದು? ನನ್ನ ಊಟದ ಪಕ್ಕದ ಮಿತ್ರರ ಪ್ರಶ್ನೆ ಅಲ್ಲೇ ಇದೆ. ಲೆಕ್ಕ ಬಿಡಿಸುತ್ತೇನೆ.

ಕಾವಿಗಿಟ್ಟ ಮೊಟ್ಟೆಯಲ್ಲಿ ಅರ್ಧ ಹುಂಜ, ಅರ್ಧ ಹೇಂಟೆ. ಇದನ್ನು ಯಾವ ಮಂತ್ರಿಮಂಡಲವೂ ಬದಲಿಸಲಾರದು. ಮೊಟ್ಟೆ ಉದ್ಯಮ ಈ ಸಮಸ್ಯೆಯನ್ನು ಹೇಗೆ ಬಗೆಹರಿಸಿತು ಎಂದರೆ, ಮೊಟ್ಟೆತಳಿಯ ಗಂಡುಮರಿಗಳನ್ನು ಹುಟ್ಟಿದ ದಿನವೇ ಯಂತ್ರಕ್ಕೋ ಗ್ಯಾಸಿಗೋ ಹಾಕುತ್ತದೆ. ಜರ್ಮನಿ 2022ರ ಜನವರಿ 1ರಿಂದ ಇದನ್ನು ನಿಷೇಧಿಸಿತು. ಇಲ್ಲಿ ಇನ್ನೂ ನಡೆಯುತ್ತದೆ, ನಮ್ಮ ದೇಶದಲ್ಲೂ ನಡೆಯುತ್ತದೆ. ‘ನಾವು ಕೋಳಿ ತಿನ್ನಲ್ಲಪ್ಪ, ಬರೀ ಮೊಟ್ಟೆ’ ಎನ್ನುವ ನನ್ನ ಸ್ನೇಹಿತರು ಇದನ್ನೊಮ್ಮೆ ಯೋಚಿಸಬೇಕು. ಅವರು ತಿನ್ನುವ ಪ್ರತಿ ಮೊಟ್ಟೆಕೋಳಿಗೂ ಒಂದು ಅಣ್ಣನೋ ತಮ್ಮನೋ ಇದ್ದ. ಅವನು ಒಂದು ದಿನ ಬದುಕಿದ್ದ.

ಇನ್ನು ಹಿತ್ತಲ ಕೋಳಿಯ ಹೊಸ ಭಕ್ತರು. ಕೋವಿಡ್ ಕಾಲದಲ್ಲಿ ಇವರ ಸಂಖ್ಯೆ ಏರಿತು. ಆರು ತಳಿಯ ಆರು ಹೇಂಟೆ ಕೊಳ್ಳುತ್ತಾರೆ. ಬುಟ್ಟಿಯಲ್ಲಿ ನೀಲಿ, ಹಸಿರು, ಕಂದು ಮೊಟ್ಟೆ ಜೋಡಿಸಿ ಫೋಟೋ ತೆಗೆಯುತ್ತಾರೆ, ‘ಹೆರಿಟೇಜ್ ಉಳಿಸುತ್ತಿದ್ದೇವೆ’ ಅನ್ನುತ್ತಾರೆ. ಹುಂಜ ಇಲ್ಲ, ಅದು ಕೂಗುತ್ತದೆ. ಎಷ್ಟೋ ಊರುಗಳು ಹಿತ್ತಲಲ್ಲಿ ಹೇಂಟೆಗೆ ಅನುಮತಿ ಕೊಟ್ಟು ಹುಂಜಕ್ಕೆ ಕೊಡುವುದಿಲ್ಲ. ಹುಂಜವಿಲ್ಲದ ಆರು ಹೇಂಟೆ ಆರು ಮುದಿ ವಿಧವೆಯರು, ಅವರಿಂದ ಯಾವ ವಂಶವೂ ಮುಂದೆ ಹೋಗುವುದಿಲ್ಲ. ಖರೀದಿ ಮಾಡಿದ್ದನ್ನು ಉಳಿತಾಯ ಎಂದು ಬರೆದರೆ ನಾನು ಸಹಿ ಹಾಕಲಾರೆ.

ನನ್ನ ತಪ್ಪನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಲೆಕ್ಕ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ಮೊದಲ ವರ್ಷದ ಮರಿಗಳಲ್ಲಿ ಒಂದು ಹುಂಜ ಅದ್ಭುತವಾಗಿ ಬೆಳೆಯಿತು. ಹಾಲುಬಿಳುಪು, ಅಗಲ ಎದೆ, ಮನುಷ್ಯರ ಮೇಲೆ ಹಾರದ ಸಾಧು. ಮಗಳು ಅದಕ್ಕೆ ಮುತ್ತು ಎಂದು ಹೆಸರಿಟ್ಟಳು. ಹೆಸರಿಟ್ಟ ಮೇಲೆ ಮುಗಿಯಿತಲ್ಲ. ಉಳಿದ ಹುಂಜಗಳನ್ನು ಕೇಳಿದವರಿಗೆಲ್ಲ ಕೊಟ್ಟೆ. ಮುತ್ತು ಒಬ್ಬನೇ, ಹನ್ನೆರಡು ಹೇಂಟೆ. ಮಕ್ಕಳಾದವು, ಮಕ್ಕಳ ಮೇಲೂ ಅವನೇ. ಮೊದಲ ವರ್ಷ 42 ಮೊಟ್ಟೆ ಇಟ್ಟರೆ 31 ಮರಿ ಬಂದಿತ್ತು. ಮೂರನೆಯ ವರ್ಷ 24. ನಾಲ್ಕನೆಯ ವರ್ಷ 15. ನಾನು ಇನ್‌ಕ್ಯುಬೇಟರನ್ನು ಬೈದೆ. ಥರ್ಮಾಮೀಟರ್ ಬದಲಿಸಿದೆ. ಉಷ್ಣತೆ 37.5 ಸರಿಯಾಗಿಯೇ ಇತ್ತು, ತೇವಾಂಶ ಮೊದಲ ಹದಿನೆಂಟು ದಿನ ಐವತ್ತರ ಸುತ್ತ, ಕೊನೆಯ ಮೂರು ದಿನ ಎಪ್ಪತ್ತರ ಹತ್ತಿರ, ಎಲ್ಲ ಪುಸ್ತಕದಂತೆ. ಹೊರಬರದ ಮೊಟ್ಟೆಗಳನ್ನು ಒಡೆದು ನೋಡಿದಾಗ ಪೂರ್ತಿ ಬೆಳೆದ ಮರಿಗಳು, ಕೊಕ್ಕು ಗಾಳಿಚೀಲಕ್ಕೆ ಮುಟ್ಟಿದಲ್ಲೇ ಸತ್ತಿದ್ದವು. ಚಿಪ್ಪು ಒಡೆಯುವಷ್ಟು ತ್ರಾಣವಿರಲಿಲ್ಲ. ಇಪ್ಪತ್ತು ದಿನ ಬದುಕಿ ಇಪ್ಪತ್ತೊಂದನೆಯ ದಿನ. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ‘ಹುಂಜ ಬದ್ಲಾಯಿಸ್ದಾ?’

ಅವ್ವನ ಪ್ರಶ್ನೆಗೆ ಒಂದು ಸೂತ್ರವಿದೆ. ಶಾಲೆಯ ಗಣಿತ ಮರೆಯದವರು ಕೂತು ಮಾಡಬಹುದು. ಹಿಂಡಿನಲ್ಲಿ ತಲೆ ಎಷ್ಟಿದ್ದರೂ ವಂಶದ ದೃಷ್ಟಿಯಿಂದ ಅದು ಎಷ್ಟು ತಲೆಗೆ ಸಮ ಎಂದು ತಿಳಿಯಲು ಹುಂಜದ ಸಂಖ್ಯೆಯನ್ನು ಹೇಂಟೆಯ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಬೇಕು. ಒಂದು ಹುಂಜ, ಹನ್ನೆರಡು ಹೇಂಟೆ: 48ನ್ನು 13ರಿಂದ ಭಾಗಿಸಿದರೆ 3.7. ನನ್ನ ಗೂಡಿನಲ್ಲಿ ಹದಿಮೂರು ಕೋಳಿ ಓಡಾಡುತ್ತಿದ್ದವು, ಪುಸ್ತಕದಲ್ಲಿದ್ದದ್ದು ನಾಲ್ಕು ಕೂಡ ಅಲ್ಲ. ಹೇಂಟೆ ನೂರು ತಂದರೂ ಒಂದೇ ಹುಂಜವಿದ್ದರೆ ಉತ್ತರ ನಾಲ್ಕನ್ನು ದಾಟುವುದಿಲ್ಲ. ಅದೇ ಹನ್ನೆರಡು ಹೇಂಟೆಗೆ ನಾಲ್ಕು ಹುಂಜ ಇಟ್ಟು ನೋಡಿ, 12 ಬರುತ್ತದೆ. ಒಳಸಂಬಂಧ ತಲೆಮಾರಿಗೆ ನೂರಕ್ಕೆ ಹದಿಮೂರೂವರೆಯಂತೆ ಏರುತ್ತಿದ್ದದ್ದು ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ಅದೂ ಹುಂಜಗಳು ಬೇರೆಬೇರೆ ಮನೆಯವಾಗಿದ್ದರೆ. ನನ್ನದು ಅದಕ್ಕಿಂತ ಕೆಟ್ಟ ಸ್ಥಿತಿ, ಅಪ್ಪನೇ ಮಗಳ ಮೇಲೆ.

ಇದರ ಅರ್ಥವೇನು? ತಳಿ ಉಳಿಯಬೇಕಾದರೆ ಹೇಂಟೆಗಿಂತ ಹುಂಜ ಮುಖ್ಯ. ಒಳ್ಳೆಯ ನಾಲ್ಕು ಹುಂಜ ಬೇಕಾದರೆ ಹದಿನಾರು ಇಪ್ಪತ್ತು ಹುಂಜ ಬೆಳೆಸಿ, ತೂಗಿ, ಕಾಲು ಎದೆ ಮುಟ್ಟಿ ನೋಡಿ, ಯಾವುದು ಬೇಗ ಮೈ ತುಂಬಿತು, ಯಾವುದು ಹೇಂಟೆಗಳನ್ನು ಹರಿಯುತ್ತದೆ ಎಂದು ಐದು ತಿಂಗಳು ಗಮನಿಸಿ ಆರಿಸಬೇಕು. ಉಳಿದ ಹನ್ನೆರಡನ್ನು ಸಾಕುವ ಶಕ್ತಿ ಯಾರಿಗೂ ಇಲ್ಲ. ಒಂದೇ ಗೂಡಿನಲ್ಲಿ ಹದಿನಾರು ಪ್ರಾಯದ ಹುಂಜ ಬಿಟ್ಟವರಿಗೆ ನಾನು ಹೇಳಬೇಕಾಗಿಲ್ಲ, ಹೇಂಟೆಗಳ ಬೆನ್ನಿನ ಮೇಲೆ ಒಂದು ಗರಿ ಉಳಿಯುವುದಿಲ್ಲ. ಆ ಹನ್ನೆರಡು ತಿನ್ನಲು. ಬ್ರದರ್ ವಿಲ್ಫ್ರಿಡ್ ಆ ಹುಂಜಗಳನ್ನು ರೂಪಿಸಿದ್ದೇ ಮೊಟ್ಟೆಗೂ ಮಾಂಸಕ್ಕೂ ಆಗಲಿ ಎಂದು. ಹುಂಜ ನಾಲ್ಕು ಕಿಲೋ ಹತ್ತಿರ ತೂಗುವುದು ಪ್ರದರ್ಶನದ ಪೆಟ್ಟಿಗೆಗಲ್ಲ.

ಮುತ್ತುವನ್ನು ಏನು ಮಾಡಿದೆ ಎಂದು ಮಗಳ ಹಾಗೆ ನೀವೂ ಕೇಳುತ್ತೀರಿ. ಐದನೆಯ ವರ್ಷದ ಫೆಬ್ರವರಿಯಲ್ಲಿ ಕ್ವಿಬೆಕ್‌ಗೆ ಏಳು ಗಂಟೆ ಕಾರು ಓಡಿಸಿ, ಎಪ್ಪತ್ತು ದಾಟಿದ ಒಬ್ಬ ರೈತ ಮಹಿಳೆಯಿಂದ ಮೂರು ಹುಂಜ ತಂದೆ. ನನ್ನ ಫ್ರೆಂಚ್ ಆಕೆಗೆ ಅರ್ಥವಾಗಲಿಲ್ಲ, ಆಕೆಯ ಇಂಗ್ಲಿಷ್ ನನಗೆ. ಕೋಳಿಯ ಎದೆ ಹಿಡಿದು ತೋರಿಸಿಯೇ ವ್ಯವಹಾರ ಮುಗಿಯಿತು. ಆ ವಸಂತದಲ್ಲಿ 42ಕ್ಕೆ 29 ಮರಿ ಬಂದವು. ಮುತ್ತು ಆ ಶರತ್ಕಾಲದಲ್ಲಿ ಸಾರಾದ. ನಾನೇ ಕೊಯ್ದೆ. ಮಗಳು ಎರಡು ವಾರ ಮಾತಾಡಲಿಲ್ಲ. ಆ ಎರಡು ವಾರವೂ ಅವಳು ಶಾಲೆಗೆ ಒಯ್ದದ್ದು ಚಿಕನ್ ಸ್ಯಾಂಡ್‌ವಿಚ್ಚನ್ನೇ. ಇದನ್ನು ಅವಳಿಗೆ ಆಗ ಹೇಳುವ ಧೈರ್ಯ ನನಗಿರಲಿಲ್ಲ. ಈಗ ಅವಳೇ ಹುಂಜಗಳನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ, ಹೆಸರಿಡುವುದಿಲ್ಲ, ನಂಬರು.

ನನ್ನ ಸಸ್ಯಾಹಾರಿ ಮಿತ್ರರೊಬ್ಬರು ಸಾಹಿತ್ಯದ ವಿದ್ಯಾರ್ಥಿ. ಅವರು ಜನ್ನನ ‘ಯಶೋಧರ ಚರಿತೆ’ಯನ್ನು ನನ್ನ ಮೇಲೆ ಎಸೆದರು. ಅಲ್ಲಿ ಯಶೋಧರ ಬಲಿ ಕೊಟ್ಟದ್ದು ಬರೀ ಹಿಟ್ಟಿನ ಹುಂಜ, ಆದರೂ ಕೊಲ್ಲುವ ಸಂಕಲ್ಪಕ್ಕೇ ಜನ್ಮಜನ್ಮಾಂತರ ಪ್ರಾಣಿಯಾಗಿ ಅಲೆಯುತ್ತಾನೆ, ನೀನು ನಿಜವಾದದ್ದನ್ನೇ ಕೊಯ್ಯುತ್ತೀಯಲ್ಲ ಎಂದರು. ಪೂರ್ತಿ ಸಸ್ಯಾಹಾರಿಯ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ತಲೆ ತಗ್ಗಿಸುತ್ತೇನೆ. ಆದರೆ ಆ ಕಾವ್ಯವನ್ನು ನಮ್ಮಂಥ ಮಾಂಸಾಹಾರಿಗಳು ಓದಬೇಕಾದ ರೀತಿ ಬೇರೆ. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ತಲೆಯಿಲ್ಲದೆ, ಕಾಲಿಲ್ಲದೆ, ಚರ್ಮವೂ ಇಲ್ಲದೆ ಕೂತಿರುವ ಎದೆಮಾಂಸವೇ ನಮ್ಮ ಹಿಟ್ಟಿನ ಹುಂಜ. ಅದನ್ನು ತಿಂದರೆ ಯಾರನ್ನೂ ಕೊಂದಂತಾಗುವುದಿಲ್ಲ ಎಂದು ನಮಗೆ ನಾವೇ ಹೇಳಿಕೊಂಡಿದ್ದೇವೆ. ಇಲ್ಲಿ ಸಂಕಲ್ಪ ಇಲ್ಲ, ಬರೀ ಬಾರ್‌ಕೋಡ್. ಜನ್ನ 1209ರಲ್ಲಿ ಹಿಡಿದ ಕಳ್ಳ ಇನ್ನೂ ಸಿಕ್ಕಿಬೀಳುತ್ತಿದ್ದಾನೆ.

ಹಣದ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರೂ ಕೊನೆಗೆ ಅಲ್ಲಿಗೇ ಬರುತ್ತಾರೆ. ನನ್ನ ಒಂದು ಹುಂಜ ಇಪ್ಪತ್ತು ವಾರಕ್ಕೆ ಹನ್ನೊಂದು ಡಾಲರಿನ ಆಹಾರ ತಿನ್ನುತ್ತದೆ. ಮೊಟ್ಟೆ, ಕರೆಂಟು, ಸತ್ತ ಮರಿಗಳ ಪಾಲು ಸೇರಿ ನಾಲ್ಕು. ಕಸಾಯಿಖಾನೆಗೆ ಒಯ್ದರೆ ಏಳು. ಒಟ್ಟು ಇಪ್ಪತ್ತೆರಡು ಡಾಲರು, ಕೈಗೆ ಸಿಗುವ ಮಾಂಸ ಎರಡು ಕಿಲೋಗೆ ತುಸು ಕಡಿಮೆ. ಗೂಡಿನ ಸವಕಳಿ, ನನ್ನ ಕೂಲಿ ಹಿಡಿದಿಲ್ಲ. ಹಿಡಿದರೆ ಹೆಂಡತಿ ಈ ಪುಸ್ತಕವನ್ನೇ ಮುಚ್ಚಿಸುತ್ತಾಳೆ. ಬ್ರಾಯ್ಲರ್ ಆರು ವಾರದೊಳಗೆ ಎರಡು ಕಿಲೋ ದಾಟುತ್ತದೆ, ಇದಕ್ಕಿಂತ ಬಹಳ ಅಗ್ಗ. ಸುಳ್ಳು ಲೆಕ್ಕ ತೋರಿಸಿ ನಾನು ಗೆದ್ದೆ ಎನ್ನಲಾರೆ, ಆ ಸ್ಪರ್ಧೆಯಲ್ಲಿ ಶಾಂತೆಕ್ಲೇರ್ ಸೋಲುತ್ತದೆ. ಆದರೆ ಬ್ರಾಯ್ಲರ್ ಸಾಕುವವನು ಮುಂದಿನ ಬ್ಯಾಚಿನ ಮರಿಯನ್ನು ತಾನೇ ಹುಟ್ಟಿಸಲಾರ. ಅದರ ತಾಯಿ, ಅಜ್ಜಿ ವಂಶ ಜಗತ್ತಿನ ಬೆರಳೆಣಿಕೆಯ ಕಂಪನಿಗಳ ಬೀಗದೊಳಗಿದೆ. ಅಂಥ ವ್ಯವಹಾರವನ್ನು ನನ್ನ ಕಕ್ಷಿದಾರರು ತಂದರೆ ನಾನು ಕೇಳುವ ಮೊದಲ ಪ್ರಶ್ನೆ, ಸರಬರಾಜು ನಿಂತರೆ ನಿಮ್ಮ ಹತ್ತಿರ ಏನಿದೆ? ಲಾಭನಷ್ಟದ ಪಟ್ಟಿ ನೋಡಿ ಆಸ್ತಿ ಪಟ್ಟಿ ನೋಡದ ಮಾಲೀಕರನ್ನು ನಾನು ಬಹಳ ಕಂಡಿದ್ದೇನೆ.

ಸರಬರಾಜು ನಿಲ್ಲುವುದಿಲ್ಲ ಎನ್ನಬೇಡಿ. ಶಾಂತೆಕ್ಲೇರ್ ಕಥೆಯನ್ನೇ ನೋಡಿ. 1979ರಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿದ್ದ ಹಿಂಡು ಹೋದಾಗ ತಳಿಯೇ ಮುಗಿಯಿತು ಎಂದುಕೊಂಡರು. ಆಮೇಲೆ ಗೊತ್ತಾಯಿತು, ಕ್ವಿಬೆಕ್‌ನಲ್ಲೂ ಅಲ್ಲಿ ಇಲ್ಲಿ ಸಣ್ಣ ಹಿಡುವಳಿಗಳಲ್ಲಿ ಇನ್ನೂ ಇವೆ ಎಂದು. ಅವರು ‘ಸಂರಕ್ಷಣೆ’ ಎಂಬ ಪದವನ್ನೇ ಕೇಳಿರದ ಜನ. ಭಾನುವಾರ ಹುಂಜ ತಿನ್ನುತ್ತಿದ್ದರು, ವಸಂತಕ್ಕೆ ಮರಿ ಮಾಡಿಸುತ್ತಿದ್ದರು, ಅಷ್ಟೇ. ಕ್ವಿಬೆಕ್ ಸರ್ಕಾರ ಇದನ್ನು ಪಾರಂಪರಿಕ ತಳಿ ಎಂದು ಕಾನೂನಿನಲ್ಲಿ ಸಾರಿದ್ದು 1999ರಲ್ಲಿ, ಅಡಿಗೆಮನೆಗಳು ಅದನ್ನು ಉಳಿಸಿಯಾದ ಮೇಲೆ. 2022ರಿಂದ ಹಕ್ಕಿಜ್ವರ ಈ ದೇಶದ ಫಾರಂಗಳನ್ನು ಒಂದರ ಹಿಂದೊಂದು ಖಾಲಿ ಮಾಡಿಸಿದೆ. ಒಂದು ಹಕ್ಕಿಗೆ ತಗುಲಿದರೆ ಇಡೀ ಗೂಡು ಹೋಗುತ್ತದೆ. ನನ್ನ ಹಿಂಡೂ ಒಂದು ಕಾಡುಬಾತಿನ ಹಿಕ್ಕೆಯಷ್ಟು ದೂರದಲ್ಲಿದೆ. ಐವತ್ತು ಮನೆಗಳಲ್ಲಿ ನಾಲ್ಕುನಾಲ್ಕು ಹುಂಜ ಇದ್ದರೆ ಭಯವಿಲ್ಲ. ಒಂದು ಸಂಸ್ಥೆಯಲ್ಲಿ ಇನ್ನೂರಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಈಗ ಊರಿನ ಓದುಗರಿಗೆ ಎರಡು ಮಾತು, ಬೈದರೆ ಬೈಸಿಕೊಳ್ಳುತ್ತೇನೆ. ಹೋದ ಸಲ ಬಂದಾಗ ಹೆದ್ದಾರಿಯ ಬದಿ ‘ಶುದ್ಧ ನಾಟಿ ಕೋಳಿ’ ಎಂಬ ಬೋರ್ಡು ಕಂಡು ಕಾರು ನಿಲ್ಲಿಸಿದೆ. ತಗಡಿನ ಶೆಡ್ಡಿನಲ್ಲಿ ಒಂದೇ ವಯಸ್ಸಿನ, ಒಂದೇ ಎತ್ತರದ ಎಂಟುನೂರು ಬಣ್ಣದ ಕೋಳಿ. ಹ್ಯಾಚರಿಯ ಮರಿ, ಚೀಲದ ಆಹಾರ. ಬಣ್ಣವಿದ್ದರೆ ನಾಟಿ, ಬಿಳಿ ಇದ್ದರೆ ಫಾರಂ, ಇಷ್ಟಕ್ಕೆ ಇಳಿದಿದೆ ನಮ್ಮ ಪರೀಕ್ಷೆ. ಬೆಲೆ ಮಾತ್ರ ದುಪ್ಪಟ್ಟು. ಮಿಶ್ರತಳಿಯ ಮೇಲೆ ನನಗೆ ದ್ವೇಷವಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ಎಷ್ಟೋ ಹಿತ್ತಲುಗಳಿಗೆ ನಾಲ್ಕು ಕಾಸು ತಂದಿತು, ನಮ್ಮ ಅತ್ತೆಯ ಮನೆಗೂ ತಂದಿತು. ಅದನ್ನು ಗಿರಿರಾಜ ಎಂದೇ ಮಾರಿ. ನಾಟಿ ಎಂದು ಮಾರಿದ ದಿನ, ನಿಜವಾಗಿ ನಾಟಿ ಸಾಕುವ ಹೆಂಗಸಿನ ಒಂದೇ ಒಂದು ಬಂಡವಾಳವನ್ನು, ಆ ಹೆಸರನ್ನು, ಕದ್ದಂತೆ.

ಇನ್ನೊಂದು. ಕಡಕ್‌ನಾಥ್ ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಯಾರೂ ಇಲ್ಲ. ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ, 2018ರಲ್ಲಿ ಅದಕ್ಕೆ ಜಿಐ ಟ್ಯಾಗ್ ಬಂತು. ಅದನ್ನು ಔಷಧಿಯ ಹಾಗೆ ಮಾರುತ್ತಾರೆ. ಘಾಗಸ್ ಗೊತ್ತೇ? ಆಂಧ್ರದ ಜೊತೆ ನಮ್ಮ ಕೋಲಾರದ ಕಡೆಯ ಕೋಳಿ, ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನೊಂದಿಗೆ ದಾಖಲಾಗಿದೆ. ಹತ್ತು ಜನ ಕನ್ನಡಿಗರನ್ನು ಕೇಳಿದೆ, ಅದರಲ್ಲಿ ಇಬ್ಬರು ಕೋಲಾರದವರೇ. ಒಬ್ಬರೂ ಕೇಳಿರಲಿಲ್ಲ. ಎರಡು ವರ್ಷದ ಹಿಂದಿನವರೆಗೆ ನನಗೂ ಗೊತ್ತಿರಲಿಲ್ಲ, ಕೆನಡಾದ ಸನ್ಯಾಸಿಯೊಬ್ಬನ ಕೋಳಿಯ ಅಜ್ಜನನ್ನು ಹುಡುಕುತ್ತ ಹೋಗಿ ಸಿಕ್ಕ ಹೆಸರು ಅದು.

ಅವ್ವನ ಮಂಕರಿ ಈಗ ಅಟ್ಟದ ಮೇಲಿದೆ. ಅಣ್ಣ ಹ್ಯಾಚರಿ ಮರಿ ತರುತ್ತಾನೆ, ಅವಕ್ಕೆ ಕಾವು ಕೂರುವುದು ಮರೆತೇಹೋಗಿದೆ. ಕಾವು ಕೂತ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ ಎಂದು ಆ ಗುಣವನ್ನೇ ಉದ್ಯಮ ತೆಗೆದುಹಾಕಿತು. ಹೋದ ಬೇಸಿಗೆಯಲ್ಲಿ ವಿಡಿಯೋ ಕರೆಯಲ್ಲಿ ನನ್ನ ಶಾಂತೆಕ್ಲೇರ್ ಹೇಂಟೆಯೊಂದು ಗೂಡಿನ ಮೂಲೆಯಲ್ಲಿ ಗರಿ ಹರಡಿ ಕಾವು ಕೂತದ್ದನ್ನು ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. ‘ಕಬ್ಬಿಣ ಇಟ್ಟಿದ್ದೀಯಾ?’ ಎಂದಳು. ಇಟ್ಟಿದ್ದೆ, ಹಳೆಯ ಗೇಟಿನ ಚಿಲಕ.

ನನ್ನ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಮಿತ್ರರಿಗೂ, ಈ ಪ್ರಾಂತ್ಯದಲ್ಲಿ ತುಸು ಜಾಗವಿರುವ ಕನ್ನಡಿಗರಿಗೂ ಹೇಳುತ್ತಿದ್ದೇನೆ. ಏಪ್ರಿಲ್ ಎರಡನೆಯ ವಾರದಿಂದ ನನ್ನಲ್ಲಿ ಕಾವಿಗಿಡುವ ಮೊಟ್ಟೆ ಇರುತ್ತದೆ. ವಾರದೊಳಗೆ ಇಡಬೇಕು, ಫ್ರಿಜ್ಜಿಗೆ ಹಾಕಬಾರದು, ಮೊನಚು ತುದಿ ಕೆಳಗಿರಬೇಕು. ದುಡ್ಡು ಬೇಡ. ಮುಂದಿನ ವರ್ಷ ನಿಮ್ಮ ಒಂದು ಹುಂಜ ನನಗೆ, ನನ್ನದೊಂದು ನಿಮಗೆ. ಉಳಿದ ಹುಂಜಗಳನ್ನು ನೀವೇ ತಿನ್ನಬೇಕು, ವಾಪಸು ತರುವಂತಿಲ್ಲ. ಹೇಂಟೆ ಮಾತ್ರ ಸಾಕು ಎನ್ನುವವರಿಗೆ ಮೊಟ್ಟೆ ಇಲ್ಲ. ಬಂದು ಹೋಗುವಾಗ ಸಾರು ಇರುತ್ತದೆ. ಇಪ್ಪತ್ತು ವಾರದ ಹುಂಜ, ಕುಕ್ಕರಿನಲ್ಲಿ ಎಂಟು ಕೂಗು ಬೇಕು.